ಬೇಸಿಗೆ ರಜೆಯಲ್ಲಿ ಸಂಡೆ ಬಜಾರ್: ಹಳೇ ಸಾಮಾನು ಹುಡುಕುವಾಗ ಏನೇನು ನೋಡಬೇಕು?

ಗಾಂಧಿಬಜಾರ್_ನಿವಾಸಿ:

ಎಲ್ಲರಿಗೂ ನಮಸ್ಕಾರ. ಈ ಏಪ್ರಿಲ್‌ನಲ್ಲಿ ನಾನು ಮತ್ತು ನನ್ನ ಗೆಳತಿ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೆ ಬಜಾರ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಅದರ ಮುಂದಿನ ವಾರ ಅವಳ ಅಪಾರ್ಟ್‌ಮೆಂಟ್‌ನಲ್ಲೇ ಹಳೇ ಸಾಮಾನಿನ ಮಾರಾಟ ಇದೆ. ಪರೀಕ್ಷೆ ಮುಗಿದ ಮೇಲೆ ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗುವವರು ಜಾಸ್ತಿ, ಆಗ ಒಳ್ಳೊಳ್ಳೆ ವಸ್ತು ಹೊರಗೆ ಬರುತ್ತವೆ ಅಂತ ಅವಳು ಹೇಳುತ್ತಾಳೆ. ನನಗೆ ಹಿತ್ತಾಳೆ ಪಾತ್ರೆ, ಪಾವು, ಸೇರು, ಹಳೇ ಚಕ್ಕುಲಿ ಒರಳು ಇಂಥದ್ದರ ಮೇಲೆ ಆಸೆ. ಅವಳಿಗೆ ಎಚ್‌ಎಂಟಿ ಕೈಗಡಿಯಾರ ಬೇಕು. ಶೋಕೇಸಿನಲ್ಲಿ ಇಡುವುದಕ್ಕಲ್ಲ, ದಿನಾ ಬಳಸುವುದಕ್ಕೆ. ಎಷ್ಟು ಹೊತ್ತಿಗೆ ಹೋಗಬೇಕು, ಕೊಳ್ಳುವ ಮುಂಚೆ ಏನು ನೋಡಬೇಕು, ತಿಳಿದವರು ದಯವಿಟ್ಟು ಹೇಳಿ.

ಹಳೇಪೇಟೆ:

ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ರಸ್ತೆ ಮೇಲೆ ಟಾರ್ಪಾಲು ಹಾಸಿ, ಚೀಲ ಬಿಚ್ಚಿ ಸುರಿಯುವಾಗಲೇ ಒಳ್ಳೆಯದು ಕಾಣುವುದು. ಅಂಗಡಿಗಳವರೂ ಆ ಹೊತ್ತಿಗೇ ಬಂದು ಆರಿಸಿಕೊಂಡು ಹೋಗುತ್ತಾರೆ. ಚಿಕ್ಕಪೇಟೆ ಮೆಟ್ರೋ ಹತ್ತಿರವೇ, ಆದರೆ ಭಾನುವಾರ ರೈಲು ತಡವಾಗಿ ಶುರುವಾಗುತ್ತದೆ, ಅದಕ್ಕೆ ಹೋಗುವಾಗ ಆಟೋ, ಬರುವಾಗ ಮೆಟ್ರೋ ಅಂತ ಇಟ್ಟುಕೊಳ್ಳಿ. ಬಿಸಿಲು ಏರಿದ ಮೇಲೆ ಟಾರು ಕಾದು ನಿಲ್ಲುವುದಕ್ಕೇ ಆಗುವುದಿಲ್ಲ.

ಹಿತ್ತಾಳೆಗೆ ಬಂದರೆ, ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಹಿತ್ತಾಳೆ, ತಾಮ್ರ, ಕಂಚು ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ ಇದೆ, ಮೇಲೆ ಬರೀ ಬಣ್ಣ ಅಥವಾ ಲೇಪ. ಆಮೇಲೆ ಪಾತ್ರೆಯನ್ನು ಬೆಳಕಿಗೆ ಹಿಡಿದು ಒಳಗಿನಿಂದ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಬರುತ್ತದೆ. ಕಿವಿ, ಹಿಡಿ ಬೆಸುಗೆ ಹಾಕಿದ ಕಡೆ ಅಲ್ಲಾಡಿಸಿ ನೋಡಿ. ಕರ್ರಗಾಗಿದೆ, ಕಿಲುಬು ಹಿಡಿದಿದೆ ಅಂತ ಬಿಡಬೇಡಿ, ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದರೆ ಹೋಗುತ್ತದೆ. ಬಿಡಬೇಕಾದ್ದು ಬಿರುಕು ಬಿಟ್ಟದ್ದನ್ನು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಳಸುವುದಕ್ಕೆ ಅಂತ ತರುತ್ತಿದ್ದೀರಿ, ಹಾಗಾದರೆ ಕಲಾಯಿ ಹಾಕಿಸದೆ ಹಿತ್ತಾಳೆಯಲ್ಲಿ ಸಾರು, ಹುಳಿ, ಮಜ್ಜಿಗೆ ಹುಳಿ ಮಾಡಬೇಡಿ. ಹುಳಿ ತಾಗಿದರೆ ತಾಮ್ರದ ಅಂಶ ಅಡುಗೆಗೆ ಇಳಿಯುತ್ತದೆ. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿ ಒಳಗೆಲ್ಲ ಬೆಳ್ಳಗೆ ಮಾಡಿಕೊಡುತ್ತಾರಲ್ಲ, ಆ ಕೆಲಸ ಬಲ್ಲವರು ಈಗ ಕಡಿಮೆ. ನಿಮ್ಮ ಕಡೆ ಕಲಾಯಿಯವರು ಯಾರಿದ್ದಾರೆ ಅಂತ ಮೊದಲು ಪಾತ್ರೆ ಅಂಗಡಿಯಲ್ಲಿ ಕೇಳಿಕೊಂಡು, ಆಮೇಲೆ ಪಾತ್ರೆಗೆ ದುಡ್ಡು ಕೊಡಿ. ಪಾವು, ಸೇರಿಗೆ ಈ ತೊಂದರೆ ಇಲ್ಲ, ಅಕ್ಕಿ ಅಳೆಯುವುದಕ್ಕೆ ತಾನೇ. 1956ರ ಕಾನೂನಿನಿಂದ ಕಿಲೋ, ಲೀಟರ್ ಬಂದವು, ಆದರೂ ನಮ್ಮ ಅಡುಗೆಮನೆಗಳಲ್ಲಿ ಪಾವು ಇನ್ನೂ ನಡೆಯುತ್ತಿದೆ ಅಲ್ವಾ. ಕಂಠದ ಹತ್ತಿರ ಮುದ್ರೆ ಹೊಡೆದದ್ದು ಸಿಕ್ಕರೆ ಖಂಡಿತ ತೆಗೆದುಕೊಳ್ಳಿ.

ಕೀಲಿ_ಗಡಿಯಾರ:

ನಿಮ್ಮ ಗೆಳತಿಗೆ ಇದನ್ನು ಓದಲು ಹೇಳಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲೇ ಕೈಗಡಿಯಾರ ಮಾಡಲು ಶುರುಮಾಡಿತು. ವಾಚಿನ ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಅಲ್ಲಿಂದ ಜನತಾ, ಪೈಲಟ್, ಸೋನಾ, ಕೊಹಿನೂರ್ ಮಾದರಿಗಳನ್ನು ಹುಡುಕುವವರು ಜಾಸ್ತಿಯಾದರು. ಹುಡುಕುವವರು ಜಾಸ್ತಿಯಾದಂತೆ ಹಳೇ ವಾಚಿನ ಡಯಲ್ಲಿಗೆ ಹೊಸ ಬಣ್ಣ ಹೊಡೆದು, ಎಚ್‌ಎಂಟಿ ಎಂದೂ ಮಾಡದ ಬಣ್ಣಗಳಲ್ಲಿ ಮಾರುವುದೂ ಜಾಸ್ತಿಯಾಯಿತು. ತೀರಾ ಹೊಳೆಯುವ ಡಯಲ್ಲು, ಅಂಚು ಕದಡಿದ ಅಕ್ಷರ, ನಿಮಿಷದ ಗೆರೆಗೆ ನೇರವಾಗಿ ಕೂರದ ಅಂಕಿ ಕಂಡರೆ ಅನುಮಾನ ಪಡಿ. ಹಿಂದಿನ ಮುಚ್ಚಳ ತೆಗೆಸಿ, ಮೆಶಿನ್ನಿನ ಮೇಲೂ ಎಚ್‌ಎಂಟಿ ಅಂತ ಇದೆಯಾ ನೋಡಿ. ಕೀ ಕೊಟ್ಟು ಕಿವಿಗೆ ಹಿಡಿದರೆ ಸದ್ದು ಒಂದೇ ಸಮ ಬರಬೇಕು. ನಿಂತುಹೋದ ವಾಚು ಅಸಲಿಯಾಗಿದ್ದರೆ ಅದನ್ನೇ ಕೊಳ್ಳಿ. ಎಷ್ಟೋ ಸಲ ಒಳಗೆ ಎಣ್ಣೆ ಒಣಗಿರುತ್ತದೆ ಅಷ್ಟೇ, ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ನಡೆಯುತ್ತದೆ. ಬಣ್ಣ ಹೊಡೆದ ಡಯಲ್ಲನ್ನು ಮಾತ್ರ ಮೊದಲಿನ ಹಾಗೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಮಲ್ಲೇಶ್ವರ_ಎಂಟನೇ_ಅಡ್ಡರಸ್ತೆ:

ಮೇಲಿನವರು ಹೇಳಿದ್ದೆಲ್ಲ ಸರಿ. ಜೊತೆಗೆ ಚೌಕಾಸಿ ಬಗ್ಗೆ ಎರಡು ಮಾತು. ಅರ್ಧಕ್ಕೆ ಕೇಳಿ ಅಂತ ಎಲ್ಲರೂ ಕಲಿಸುತ್ತಾರೆ, ನನಗದು ಒಪ್ಪಿಗೆ ಇಲ್ಲ. ಮಾರುವವರಲ್ಲಿ ಎಷ್ಟೋ ಜನ ವಾರವೆಲ್ಲ ಮನೆಮನೆಗೆ ಹೋಗಿ ಗುಜರಿ ಕೊಂಡು, ಹೊತ್ತು, ವಿಂಗಡಿಸಿ ತಂದವರು. ನ್ಯಾಯವಾದ ಬೆಲೆ ನೀವೇ ಹೇಳಿ, ಆಗದಿದ್ದರೆ ನಗುತ್ತಾ ಮುಂದೆ ಹೋಗಿ, ಬೇಕಿದ್ದರೆ ಅವರೇ ಕರೆಯುತ್ತಾರೆ. ಗೆಳತಿ ಜೊತೆಗಿರುವುದರ ದೊಡ್ಡ ಲಾಭ ಇಲ್ಲೇ. ಒಬ್ಬರು ಮಾತಾಡುವಾಗ ಇನ್ನೊಬ್ಬರು ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಬಹುದು, ಜೊತೆಗೆ ಚೀಲದ ಮೇಲೂ ಒಂದು ಕಣ್ಣಿಡಬಹುದು, ನೂಕುನುಗ್ಗಲು ಇರುತ್ತದೆ. ನಿಮ್ಮ ಕಣ್ಣಿಗೆ ವಸ್ತು ಚೆನ್ನಾಗಿ ಕಂಡುಬಿಟ್ಟರೆ ಅದರ ದೋಷ ನಿಮಗೆ ಕಾಣುವುದಿಲ್ಲ, ಅವಳಿಗೆ ಕಾಣುತ್ತದೆ. ಅವಳು ಬೇಡ ಅಂದದ್ದನ್ನು ಕೊಳ್ಳಬೇಡಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಅಪಾರ್ಟ್‌ಮೆಂಟ್ ಮಾರಾಟದಲ್ಲಿ ಬೆತ್ತದ ಕುರ್ಚಿ, ಮರದ ಕಪಾಟು ಬರುತ್ತವೆ. ಸಂದಿಗಳಲ್ಲಿ ಟಾರ್ಚ್ ಬಿಟ್ಟು ತಿಗಣೆ ಇದೆಯಾ ನೋಡಿ, ಬುಡದಲ್ಲಿ ಸಣ್ಣ ಪುಡಿ ಉದುರಿದ್ದರೆ ಹುಳ ಹಿಡಿದಿದೆ. ಹಳೇ ಹಾಸಿಗೆ ಮಾತ್ರ ಸುಮ್ನೆ ಕೊಟ್ಟರೂ ತರಬೇಡಿ.

ಗಾಂಧಿಬಜಾರ್_ನಿವಾಸಿ:

ತುಂಬಾ ಧನ್ಯವಾದ. ಕಲಾಯಿ ವಿಷಯ ನನಗೆ ಹೊಳೆದೇ ಇರಲಿಲ್ಲ, ನಾಳೆಯೇ ವಿಚಾರಿಸುತ್ತೇನೆ. ಇನ್ನೊಂದು ಪ್ರಶ್ನೆ. ಅವಳ ತಮ್ಮನಿಗೆ ಹಳೇ ಮೊಬೈಲ್ ಬೇಕಂತೆ, ಅಪ್ಪನಿಗೆ ಹಳೇ ಹಾಡಿನ ರೆಕಾರ್ಡು. ಇವೆರಡನ್ನೂ ಅಲ್ಲಿ ಕೊಳ್ಳಬಹುದಾ?

ಹಳೇಪೇಟೆ:

ಮೊಬೈಲ್ ಬೇಡ. ಬಿಲ್ ಇಲ್ಲದ್ದು ಯಾರದೋ ಕಳೆದುಹೋದದ್ದೂ ಇರಬಹುದು. ಅಪಾರ್ಟ್‌ಮೆಂಟಿನಲ್ಲಿ ಗುರುತಿನವರು ಬಿಲ್ ಸಮೇತ ಕೊಟ್ಟರೆ ಮಾತ್ರ ನೋಡಿ. ಆಗಲೂ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ, ಅದನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿ, ಬ್ಲಾಕ್ ಆಗಿದೆಯಾ ಅಂತ ನೋಡಿದ ಮೇಲೆ ದುಡ್ಡು ಕೊಡಿ.

ರೆಕಾರ್ಡು ಖಂಡಿತ ಕೊಳ್ಳಿ. ಆದರೆ ಅಪ್ಪನ ಹತ್ತಿರ ಯಾವ ಪ್ಲೇಯರ್ ಇದೆ ಅಂತ ಮೊದಲು ಕೇಳಿಕೊಂಡು ಬನ್ನಿ. 78 ವೇಗದ (ನಿಮಿಷಕ್ಕೆ 78 ಸುತ್ತು) ಹಳೇ ರೆಕಾರ್ಡು ಅರಗಿನದು, ಕೈ ಜಾರಿದರೆ ಒಡೆಯುತ್ತದೆ, ಅದರ ಗೆರೆ ಅಗಲ ಆದ್ದರಿಂದ ಅದಕ್ಕೆ ದಪ್ಪ ಸೂಜಿಯೇ ಬೇಕು. ಆಮೇಲೆ ಬಂದ 33, 45 ವೇಗದವು ವಿನೈಲ್, ಅವುಗಳ ಸೂಜಿ ಸಣ್ಣದು. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಣ್ಣಿಗಷ್ಟೇ ಕಾಣುವ ಗೀರು ಪರವಾಗಿಲ್ಲ, ಉಗುರಿಗೆ ಸಿಗುವ ಗೀರು ಇದ್ದರೆ ಹಾಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಟ್ಟಸವಾಗಿದೆಯಾ ಅಂತ ಕಣ್ಣಿನ ನೇರಕ್ಕೆ ಹಿಡಿದು ನೋಡಿ. ಬಿಸಿಲಲ್ಲಿ ಹರಡಿಟ್ಟ ವಿನೈಲ್ ಸೊಟ್ಟಗಾಗುತ್ತದೆ, ಬೇಸಿಗೆಯಲ್ಲಿ ಬೇಗ ಹೋಗಿ ಅಂದದ್ದು ಅದಕ್ಕೂ ಸೇರಿಸಿ. ಕೊಂಡ ಮೇಲೆ ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ತನ್ನಿ.