ಮೊದಲ ಸಂಬಳದ ಸೀರೆ, ಕಣ್ಣಿನ ಕಾಡಿಗೆ, ಚೆಂದದ ಮುಖಪುಟ: ಕೊಂಡವರು ಹೇಳಿದ್ದು

ಕೇಳಿದವಳು

ನನಗೆ 23 ವರ್ಷ. ದಾವಣಗೆರೆಯವಳು. ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯೊಂದಕ್ಕೆ ಸೇರಿ ಎರಡು ತಿಂಗಳಾಯಿತು. ಮನೆಗೆ ಕಳಿಸಿ, ಬಾಡಿಗೆ ಕಟ್ಟಿದ ಮೇಲೆ ಎಂಟು ಸಾವಿರ ರೂಪಾಯಿಯನ್ನು ನನ್ನ ಖುಷಿಗೆಂದೇ ಎತ್ತಿಟ್ಟಿದ್ದೇನೆ. ಕಸೂತಿ ಇರುವ ಒಂದು ಇಳಕಲ್ ಸೀರೆ, ಕಾಡಿಗೆ, ಮುಖಕ್ಕೆ ಏನಾದರೊಂದು ಕ್ರೀಮ್, ಕಾಲಿಗೆ ಕೊಲ್ಹಾಪುರಿ, ಉಳಿದ ಹಣಕ್ಕೆ ಪುಸ್ತಕ. ಪುಸ್ತಕವನ್ನು ಮುಖಪುಟ ನೋಡಿಯೇ ಕೊಳ್ಳುವವಳು ನಾನು, ಬೈಯಬೇಡಿ. ತೊಂದರೆ ಏನೆಂದರೆ ನನ್ನ ಕೋಣೆಯ ಒಂದು ಗೋಡೆ ಮಳೆಗಾಲದಲ್ಲಿ ಒಸರುತ್ತದೆ. ಎರಡು ಪುಸ್ತಕಗಳ ಮುಖಪುಟ ಹಪ್ಪಳದ ಹಾಗೆ ಎದ್ದು ನಿಂತಿದೆ. ಕೊಂಡು, ಮೋಸಹೋಗಿ, ಕಲಿತವರಿದ್ದರೆ ಹೇಳಿ. ಅಂಗಡಿಯ ಹೆಸರು ಬೇಡ, ಏನನ್ನು ನೋಡಬೇಕು ಎಂಬುದು ಬೇಕು.

ಬಾಗಲಕೋಟೆ ಕಡೆಯವಳು, ಈಗ ಪುಣೆ

ಮೋಸಹೋದವಳಿಂದಲೇ ಶುರುವಾಗಲಿ. ನಾಲ್ಕು ವರ್ಷದ ಹಿಂದೆ ಒಂದು ಮಾರಾಟ ಮೇಳದಲ್ಲಿ 2,800 ರೂಪಾಯಿ ಕೊಟ್ಟು ಹಸಿರು ಮೈಯ, ಕೆಂಪು ಸೆರಗಿನ ಇಳಕಲ್ ತಂದೆ. ಊರಿಗೆ ಹೋದಾಗ ದೊಡ್ಡಮ್ಮ ಅದನ್ನು ಮಡಿಲಿಗೆ ಹಾಕಿಕೊಂಡು, ಬಣ್ಣ ನೋಡಲಿಲ್ಲ, ಅಂಚು ನೋಡಲಿಲ್ಲ, ನೇರವಾಗಿ ಸೆರಗು ಮೈಗೆ ಸೇರುವ ಜಾಗ ಹುಡುಕಿ ಮಗುಚಿದರು. ಹೆಬ್ಬೆರಳು ಆಡಿಸಿ, "ಇಲ್ಲಿ ಏನೂ ಇಲ್ಲವಲ್ಲೇ" ಎಂದರು.

ಅಲ್ಲಿ ಇರಬೇಕಾಗಿದ್ದದ್ದು ಕೊಂಡಿ. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದಕ್ಕೆ ಹಾಕುವ ಎಳೆಗಳು. ನಿಜವಾದ ಇಳಕಲ್ ಸೀರೆಯಲ್ಲಿ ಮೈಯ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಸಾಮಾನ್ಯವಾಗಿ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಒಂದೊಂದು ಎಳೆಯ ಕುಣಿಕೆಗೆ ಸೆರಗಿನ ಒಂದೊಂದು ಎಳೆಯ ಕುಣಿಕೆ ಸಿಕ್ಕಿಸಿ, ಹೀಗೆ ಸಾವಿರಾರು ಎಳೆಗಳನ್ನು ಜೋಡಿಸಿದ ಮೇಲೆಯೇ ಮಗ್ಗ ಆಡುವುದು. ಹಾಗಾಗಿ ಹಾಸನ್ನು ಒಂದೊಂದೇ ಸೀರೆಯ ಅಳತೆಗೆ, ಆರೋ ಎಂಟೋ ಒಂಬತ್ತೋ ಗಜಕ್ಕೆ ಮಾಡಿಕೊಳ್ಳುತ್ತಾರೆ. ನೂರು ಸೀರೆಗೆ ಆಗುವಷ್ಟು ಉದ್ದದ ಹಾಸು ಹಾಕಿ ಮಗ್ಗ ಓಡಿಸುತ್ತ ಹೋಗಲು ಬರುವುದಿಲ್ಲ. ಬೆರಳಿಗೆ ಆ ಜೋಡಣೆ ಸಣ್ಣ ಏಣಿನಂತೆ ಸಿಗುತ್ತದೆ, ಅದರ ಈಚೆ ಹತ್ತಿಯ ಒರಟು, ಆಚೆ ರೇಷ್ಮೆಯ ನುಣುಪು. ನನ್ನ ಸೀರೆಯಲ್ಲಿ ಸೆರಗಿನ ಚಿತ್ತಾರವಿತ್ತು, ಸೆರಗೇ ಇರಲಿಲ್ಲ. ವಿದ್ಯುತ್ ಮಗ್ಗದಲ್ಲಿ ಒಂದೇ ಹಾಸಿನ ಮೇಲೆ ಬಣ್ಣ ಬದಲಿಸಿ ಮುಗಿಸಿದ್ದರು. ಚೆನ್ನಾಗಿಯೇ ಇದೆ, ಈಗಲೂ ಉಡುತ್ತೇನೆ, ಆದರೆ ಅದಕ್ಕೆ 2,800 ಕೊಡಬಾರದಿತ್ತು.

ಇನ್ನೊಂದು ಪ್ರಶ್ನೆ ಕೇಳಲು ಮರೆಯಬೇಡಿ: ಸೆರಗು ರೇಷ್ಮೆಯದೋ ಚಮಕಾದ್ದೋ? ಚಮಕಾ ಎಂದರೆ ಕೃತಕ ರೇಷ್ಮೆ. ಅದೂ ಕೈಮಗ್ಗದ್ದೇ ಆಗಿರಬಹುದು, ಕೊಂಡಿಯೂ ಇರಬಹುದು, ಬೆಲೆ ಮಾತ್ರ ಕಡಿಮೆ. ಈ ಪದ ನಿಮ್ಮ ಬಾಯಿಂದ ಬಂದರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ. ಅನುಮಾನವಿದ್ದರೆ ಕುಚ್ಚಿನಿಂದ ಒಂದು ಎಳೆ ಕೇಳಿ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಕೃತಕ ರೇಷ್ಮೆಯಲ್ಲಿ ರೇಯಾನ್ ಇದ್ದರೆ ಕಾಗದ ಸುಟ್ಟಂತೆ ಇರುತ್ತದೆ.

ಸೆರಗಿನಲ್ಲಿ ಹನಿಗೆ, ಕೋಟೆಕೊಮ್ಮೆ, ರಂಪ ಎಂಬ ಚಿತ್ತಾರಗಳಿರುತ್ತವೆ. ಹನಿಗೆ ಬಾಚಣಿಗೆಯ ಹಲ್ಲು, ಕೋಟೆಕೊಮ್ಮೆ ಕೋಟೆಗೋಡೆಯ ಮೇಲಂಚು, ರಂಪ ಗುಡ್ಡದ ಸಾಲು. ಅಂಚಿನಲ್ಲಿ ಚಿಕ್ಕಿ ಪರಾಸ್, ಗೋಮಿ, ಗಾಡಿ. ನನಗೆ ಗೋಮಿ ಇಷ್ಟ, ನಿಮಗೆ ಯಾವುದೋ. ಮೊದಲ ಸಲ ಬಕೆಟ್ಟಿನಲ್ಲಿ ನೆನೆಹಾಕಬೇಡಿ. ಕೆಂಪು ಬಣ್ಣ ಬಿಟ್ಟು ಬಿಳಿಯ ಹನಿಗೆ ಗುಲಾಬಿಯಾಗುತ್ತದೆ. ನನ್ನದು ಗುಲಾಬಿಯಾಗಿದೆ.

ಧಾರವಾಡದಿಂದ, ಕಸೂತಿ ಹಾಕುವವಳು

ಎಂಟು ಸಾವಿರದಲ್ಲಿ ಸೀರೆ, ಚಪ್ಪಲಿ, ಪುಸ್ತಕ ಎಲ್ಲ ಬೇಕು, ಅದರ ಮೇಲೆ ಸೀರೆ ತುಂಬ ಕೈಕಸೂತಿಯೂ ಬೇಕು ಎಂದರೆ ಆಗುವ ಮಾತಲ್ಲ ಮಗಳೇ. ಅಷ್ಟರಲ್ಲಿ ಯಾರಾದರೂ ಕೊಟ್ಟರೆ ಅದು ಯಂತ್ರದ್ದು. ತಿಳಿಯುವುದು ಹೇಗೆ? ಬಟ್ಟೆಯನ್ನು ಮಗುಚು. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಬೇರೆ ಬಣ್ಣದ ದಾರ ಓಡಿರುತ್ತದೆ, ಕೆಲವೊಮ್ಮೆ ಗಟ್ಟಿಯಾದ ಕಾಗದದಂಥ ಅಸ್ತರಿ ಚರ್ಮಕ್ಕೆ ಚುಚ್ಚುತ್ತದೆ. ನಾವು ಹಾಕುವ ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತೇವೆ. ದಾರಕ್ಕೆ ಗಂಟು ಹಾಕುವುದಿಲ್ಲ. ಹೋದ ದಾರಿಯಲ್ಲೇ ವಾಪಸು ಬಂದು ಬಿಟ್ಟ ಜಾಗ ತುಂಬುತ್ತೇವೆ. ಒಂದು ಎಳೆ ತಪ್ಪಿದರೆ ವಾಪಸು ಬರುವಾಗ ಗೊತ್ತಾಗುತ್ತದೆ, ಅಷ್ಟನ್ನೂ ಬಿಚ್ಚಬೇಕು. ನೇಗಿ ಮತ್ತು ಮೆಂತಿ ಹೊಲಿಗೆಗಳ ಹಿಂಬದಿ ಮಾತ್ರ ಬೇರೆಯಾಗಿ ಕಾಣುತ್ತದೆ, ಅದನ್ನು ನೋಡಿ ಮೋಸ ಎಂದು ಜಗಳ ತೆಗೆಯಬೇಡ. ಒಮ್ಮೆ ಒಬ್ಬರು ನನ್ನ ಹತ್ತಿರ ತೆಗೆದಿದ್ದರು.

ನಾನು ಹೇಳುವುದು ಇಷ್ಟು: ಈಗ ಸಾದಾ ಇಳಕಲ್ ಕೊಳ್ಳು. ಸೆರಗಿನ ಹತ್ತಿರ ಒಂದೇ ಒಂದು ತೇರನ್ನೋ ತುಳಸಿಕಟ್ಟೆಯನ್ನೋ ಕೈಯಲ್ಲಿ ಹಾಕಿಸು. ಮುಂದಿನ ವರ್ಷ ಇನ್ನೊಂದು. ರವಿಕೆಗೆ ಗುಳೇದಗುಡ್ಡದ ಖಣ ತಾ, ಆದರೆ ಅದರ ಪನ್ನ, ಅಂದರೆ ಅಗಲ, ಕಿರಿದು. ಮೊದಲು ದರ್ಜಿಯನ್ನು ಕೇಳಿ, ಆಮೇಲೆ ಅಳತೆ ಹೇಳು.

ಮಂಗಳೂರಿನಿಂದ, ಔಷಧ ಅಂಗಡಿಯಲ್ಲಿ ಕೆಲಸ

"ಮುಖಕ್ಕೆ ಏನಾದರೊಂದು ಕ್ರೀಮ್" ಎಂಬ ಮಾತು ಓದಿ ಎದೆ ಧಸಕ್ಕೆಂದಿತು. ನಾನು 19ರಲ್ಲಿದ್ದಾಗ ಹೀಗೆಯೇ ಕೇಳಿದ್ದೆ. ಪರಿಚಯದ ಬ್ಯೂಟಿ ಪಾರ್ಲರಿನಲ್ಲಿ ಹೆಸರಿಲ್ಲದ ಪುಟ್ಟ ಡಬ್ಬಿ ಕೊಟ್ಟರು. ಎರಡು ವಾರ ಕನ್ನಡಿ ಬಿಟ್ಟು ಏಳಲಿಲ್ಲ, ಅಷ್ಟು ಚೆಂದ. ಮೂರನೆಯ ತಿಂಗಳು ಬಿಸಿಲಿಗೆ ಹೋದರೆ ಮುಖ ಉರಿ, ಕೆನ್ನೆಯಲ್ಲಿ ಕೆಂಪು ನರಗಳ ಬಲೆ, ಗಲ್ಲದ ತುಂಬ ಮೊಡವೆ. ನಿಲ್ಲಿಸಿದರೆ ಇನ್ನೂ ಜಾಸ್ತಿ. ಚರ್ಮವೈದ್ಯರು ಡಬ್ಬಿ ಮೂಸಿ ಕೂಡ ನೋಡದೆ, "ಸ್ಟೆರಾಯ್ಡ್" ಎಂದರು. ಸರಿಹೋಗಲು ಒಂದೂವರೆ ವರ್ಷ ಹಿಡಿಯಿತು.

ಈಗ ಕೌಂಟರಿನ ಈಚೆ ನಿಂತಿರುವುದರಿಂದ ಹೇಳುತ್ತೇನೆ. ಟ್ಯೂಬಿನ ಹಿಂಬದಿಯಲ್ಲಿ ಬೀಟಾಮೆಥಸೋನ್, ಕ್ಲೋಬೆಟಸೋಲ್, ಮೊಮೆಟಸೋನ್ ಎಂದಿದ್ದರೆ ಅದು ಸೌಂದರ್ಯವರ್ಧಕವಲ್ಲ, ವೈದ್ಯರ ಚೀಟಿ ಬೇಕಾದ ಔಷಧ. ಅಕ್ಕನಿಗೆ ಕೊಟ್ಟದ್ದನ್ನು ತಂಗಿ ಹಚ್ಚಬಾರದು. ಏನೂ ಬರೆದಿಲ್ಲದ ಡಬ್ಬಿ ಇನ್ನೂ ಅಪಾಯ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮ್ ಹಚ್ಚಿದವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದು 2023ರಲ್ಲಿ ಸುದ್ದಿಯಾಗಿತ್ತು, ಕಾರಣ ಪಾದರಸ. ಹೊರದೇಶದ ಸರಕಾದರೆ ಆಮದು ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಲೇಬಲ್ಲಿನಲ್ಲಿ ಇರಲೇಬೇಕು.

ನಿಮಗೆ ಬೇಕಾದದ್ದು ಎರಡೇ: ಪರಿಮಳವಿಲ್ಲದ ಒಂದು ಮಾಯಿಶ್ಚರೈಸರ್, ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್. ಸನ್‌ಸ್ಕ್ರೀನನ್ನು ಎಲ್ಲರೂ ಕುಂಕುಮದಷ್ಟು ಹಚ್ಚುತ್ತಾರೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಮುಖ ಮತ್ತು ಕತ್ತಿಗೆ ಬೇಕು. ಹೊಸದೇನೇ ತಂದರೂ ಎರಡು ದಿನ ಮೊಣಕೈ ಒಳಬದಿಗೆ ಹಚ್ಚಿ ನೋಡಿ.

ಮೈಸೂರಿನಿಂದ

ಇಷ್ಟೆಲ್ಲ ಏಕೆ? ನನ್ನ ಅಜ್ಜಿ ಎಂಬತ್ತೆರಡರ ತನಕ ಮುಖಕ್ಕೆ ಮೈಸೂರು ಸ್ಯಾಂಡಲ್ ಸೋಪು ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯೂರೋಪಿಗೆ ಹೋಗುವುದು ನಿಂತು ರಾಶಿ ಬಿದ್ದಾಗ ನಾಲ್ವಡಿಯವರೂ ವಿಶ್ವೇಶ್ವರಯ್ಯನವರೂ ಎಣ್ಣೆ ತೆಗೆಸಿ ಶುರುಮಾಡಿದ ಸೋಪು ಅದು. ಆ ಮೊಟ್ಟೆಯಾಕಾರ, ಪೆಟ್ಟಿಗೆಯ ಮೇಲಿನ ಸಿಂಹದ ಮೈ, ಆನೆಯ ಮುಖದ ಶರಭ, ನನಗೆ ಇದಕ್ಕಿಂತ ಚೆಂದದ ಪೊಟ್ಟಣ ಇನ್ನೂ ಕಂಡಿಲ್ಲ. ಖಾಲಿ ಪೆಟ್ಟಿಗೆಯನ್ನು ಹತ್ತಿ ಸೀರೆಗಳ ನಡುವೆ ಇಡಿ, ಬೀರು ತೆರೆದಾಗಲೆಲ್ಲ ಗೊತ್ತಾಗುತ್ತದೆ.

ಮಂಗಳೂರಿನಿಂದ, ಮತ್ತೆ

ಮೈಗೆ ಧಾರಾಳವಾಗಿ ಹಚ್ಚಿ, ನಾನೂ ಹಚ್ಚುತ್ತೇನೆ. ಆದರೆ ಯಾವುದೇ ನಿಜವಾದ ಸೋಪು ಕ್ಷಾರ. ಮುಖದ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ 5.5ರ ಆಸುಪಾಸು. ಒಣ ಮುಖದವರಿಗೆ ಬಿಗಿದುಕೊಳ್ಳುತ್ತದೆ. ನಿಮ್ಮ ಅಜ್ಜಿಯವರ ಚರ್ಮಕ್ಕೆ ನನ್ನ ನಮಸ್ಕಾರ.

ಹಾಸನದಿಂದ

ಕಾಡಿಗೆ ನಮ್ಮ ಮನೆಯಲ್ಲಿ ಇನ್ನೂ ಮಾಡುತ್ತಾರೆ. ತೆಳು ಹತ್ತಿ ಬಟ್ಟೆಯನ್ನು ನಂದಿಬಟ್ಟಲು ಹೂವಿನ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಬತ್ತಿ ಹೊಸೆಯುವುದು, ಹರಳೆಣ್ಣೆಯ ದೀಪ ಹಚ್ಚುವುದು, ಎರಡು ಇಟ್ಟಿಗೆಯ ಮೇಲೆ ತಾಮ್ರದ ತಟ್ಟೆ ಕವುಚುವುದು. ಬೆಳಗ್ಗೆ ತಟ್ಟೆ ಮಗುಚಿದರೆ ವೆಲ್ವೆಟ್ಟಿನಂಥ ಕಪ್ಪು ಕುಳಿತಿರುತ್ತದೆ, ಉಸಿರು ಬಿಟ್ಟರೂ ಹಾರುತ್ತದೆ. ಅದನ್ನು ವೀಳ್ಯದೆಲೆಯ ತೊಟ್ಟಿನಿಂದ ಕೆರೆದು ಒಂದು ಹನಿ ತುಪ್ಪದಲ್ಲಿ ಕಲಸುತ್ತಾರೆ. ನೋಡಲು ಹಬ್ಬ. ಆದರೂ ನಾನು ಹಣೆಗೆ ಇಟ್ಟುಕೊಳ್ಳುತ್ತೇನೆಯೇ ಹೊರತು ಕಣ್ಣಿನೊಳಗೆ ಎಳೆಯುವುದಿಲ್ಲ. ಎಷ್ಟಾದರೂ ಮಸಿ, ಜೊತೆಗೆ ಬೆರಳಿನ ಕೊಳೆ. ಕೂಸಿನ ಕಣ್ಣಿಗಂತೂ ಬೇಡವೇ ಬೇಡ ಎಂದು ನಮ್ಮ ಮಕ್ಕಳ ವೈದ್ಯರು ಅಮ್ಮನಿಗೇ ಹೇಳಿದ್ದಾರೆ, ಅಮ್ಮ ಇನ್ನೂ ಮುನಿಸಿಕೊಂಡಿದ್ದಾರೆ. ಬಿಡಿಯಾಗಿ ಮಾರುವ ಸುರ್ಮಾ ಪುಡಿ ಕೊಳ್ಳಬೇಡಿ. ಅದರ ಕಪ್ಪು ಸೀಸದ ಅದಿರಿನದ್ದಿರಬಹುದು. ಪೆನ್ಸಿಲ್ ತಂದರೆ ತೆರೆದ ದಿನಾಂಕ ಬರೆದಿಟ್ಟು ಆರು ತಿಂಗಳಿಗೆ ಬಿಸಾಡಿ, ಗೆಳತಿಯರಿಗೆ ಕೊಡಬೇಡಿ.

ಸಾಗರದಿಂದ, ಪುಸ್ತಕದ ಹುಳ

ಮುಖಪುಟ ನೋಡಿ ಕೊಳ್ಳುವವರನ್ನು ಬೈಯುವವರು ಮುಖಪುಟವನ್ನು ಸರಿಯಾಗಿ ನೋಡಿದವರಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಪುಸ್ತಕ ಸೊಗಸಿಗೆ ಬಹುಮಾನ ಕೊಡುವಾಗ ಮುಖಪುಟಕ್ಕೆಂದೇ ಬೇರೆ ಬಹುಮಾನ ಇಟ್ಟಿದೆ. ಶೀರ್ಷಿಕೆಯ ಪುಟ ಮಗುಚಿ. ಬೆಲೆ, ಪುಟಗಳು, "ಬಳಸಿದ ಕಾಗದ: 70 ಜಿ.ಎಸ್.ಎಂ. ಮ್ಯಾಪ್‌ಲಿಥೊ" ಎಂಬ ಸಾಲುಗಳ ನೆರೆಯಲ್ಲಿ ಮುಖಪುಟ ಮಾಡಿದವರ ಹೆಸರು ಇರುತ್ತದೆ. ಒಂದು ಇಷ್ಟವಾದರೆ ಆ ಹೆಸರಿನ ಬೆನ್ನು ಹತ್ತಿ. ಅಪಾರ ಅವರ ವಿನ್ಯಾಸಗಳ ಬೆನ್ನು ಹತ್ತಿದ್ದರಿಂದಲೇ ನಾನು ಹೆಸರೂ ಕೇಳಿರದ ಮೂರು ಜನ ಕವಿಗಳನ್ನು ಓದಿದೆ. ಇಬ್ಬರು ಇಷ್ಟವಾದರು, ಒಬ್ಬರದು ಮುಖಪುಟ ಮಾತ್ರ. ಚಂದ್ರನಾಥ ಆಚಾರ್ಯರ ರೇಖೆ ಇಷ್ಟಪಡುವವರು ಹಳೆಯ ಪುಸ್ತಕದ ಅಂಗಡಿಗಳನ್ನು ಬಿಡಬಾರದು. ಮರುಮುದ್ರಣದಲ್ಲಿ ಮುಖಪುಟ ಬದಲಾಗಿಬಿಡುತ್ತದೆ, ಹಳೆಯದು ಆ ಪ್ರತಿಗಳಲ್ಲೇ ಉಳಿದಿರುತ್ತದೆ.

ಇನ್ನು ಹಪ್ಪಳದ ವಿಚಾರ. ನಮ್ಮೂರಿನ ಮಳೆಯಲ್ಲಿ ಇದು ಪ್ರತಿ ಆಷಾಢದ ಕಥೆ. ಮುಖಪುಟದ ಹೊರಬದಿಗೆ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಒಳಬದಿ ಬರೀ ಕಾಗದ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಹಾಗಾಗಿ ಹೊರಕ್ಕೆ ಬಾಗುತ್ತದೆ. ಬಿಸಿಲಿಗೆ ಹಿಡಿಯಬೇಡಿ, ಬಣ್ಣ ಹೋಗುತ್ತದೆ. ಫ್ಯಾನಿನ ಕೆಳಗೆ ಒಂದು ದಿನ ತೆರೆದಿಟ್ಟು, ಆಮೇಲೆ ಮಲಗಿಸಿ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ ಒಂದು ವಾರ ಮರೆತುಬಿಡಿ. ನಿಘಂಟು ಇದಕ್ಕೆ ಹೇಳಿ ಮಾಡಿಸಿದ್ದು. ಶೆಲ್ಫನ್ನು ಒಸರುವ ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ. ಶಾಲೆಯ ಪುಸ್ತಕದ ಹಾಗೆ ಪ್ಲಾಸ್ಟಿಕ್ ಸುತ್ತಿ ಟೇಪು ಅಂಟಿಸುವುದು ಬೇಡ: ತೇವ ಒಳಗೇ ಕೂರುತ್ತದೆ, ಟೇಪು ಕೆಲವು ವರ್ಷಕ್ಕೆ ಹಳದಿಯಾಗಿ ಮುಖಪುಟದ ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ನನ್ನ ತಂದೆ 1987ರಲ್ಲಿ ಕೊಂಡ ಒಂದು ಪುಸ್ತಕಕ್ಕೆ ನಾನೇ ಹೀಗೆ ಮಾಡಿ ಬೈಸಿಕೊಂಡಿದ್ದೇನೆ.

ಬೆಳಗಾವಿಯಿಂದ

ಚಪ್ಪಲಿಗೆ ಎರಡೇ ಮಾತು. ಕೊಲ್ಹಾಪುರಿಯ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಇಂಥದ್ದೇ ಚಪ್ಪಲಿಯನ್ನು ಮಿಲಾನಿನಲ್ಲಿ ಮೆರೆಸಿ, ಮೂಲದ ಹೆಸರು ಹೇಳದೆ ಬೈಸಿಕೊಂಡು, ಆಮೇಲೆ ಒಪ್ಪಿಕೊಂಡಿತಲ್ಲ, ಆಗ ಇದೇ ಚಪ್ಪಲಿ ಹೊಲಿಯುವ ನಮ್ಮ ಅಥಣಿಯ ಕಡೆಯವರೂ ನಕ್ಕಿದ್ದರು. ಅಟ್ಟೆ ಮಗುಚಿ ನೋಡಿ: ಚರ್ಮದ ಪದರಗಳು ಹೊಲಿಗೆಯಲ್ಲಿ ನಿಂತಿರಬೇಕು, ರಬ್ಬರು ಮತ್ತು ಗೋಂದಿನಲ್ಲಲ್ಲ. ಮೊದಲ ವಾರ ಕಚ್ಚುತ್ತದೆ. ಪಟ್ಟಿಯ ಒಳಬದಿಗೆ ಎಣ್ಣೆ ಸವರಿ ಮನೆಯೊಳಗೇ ಓಡಾಡಿ. ಬೆಂಗಳೂರಿನ ಮಳೆಗೆ ಹಾಕಿದರೆ ಮುಗಿಯಿತು, ನವೆಂಬರ್ ತನಕ ಕಾಯಿರಿ.

ಕೇಳಿದವಳು, ಮೂರು ವಾರದ ನಂತರ

ಸೀರೆ ಬಂತು. ಕಪ್ಪು ಮೈ, ಕೆಂಪು ಸೆರಗು, ಗೋಮಿ ಅಂಚು, ಸೆರಗು ಚಮಕಾ, 3,400 ರೂಪಾಯಿ. ಅಂಗಡಿಯಲ್ಲಿ ಸೆರಗು ಮಗುಚಿ ಹೆಬ್ಬೆರಳು ಆಡಿಸಿದಾಗ, ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಎದ್ದು ಬಂದು, ಮುಂದೆ ಹರಡಿದ್ದ ನಾಲ್ಕು ಸೀರೆಗಳಲ್ಲಿ ಎರಡನ್ನು ಮಾತಿಲ್ಲದೆ ಮಡಚಿ ಒಳಗಿಟ್ಟರು. ಖಣ 650. ದರ್ಜಿಯನ್ನು ಕೇಳದೆ ತಂದದ್ದರಿಂದ ತೋಳು ಗಿಡ್ಡವಾಗಲಿದೆ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕಾಡಿಗೆ ಪೆನ್ಸಿಲ್ ಸೇರಿ ಸಾವಿರ ದಾಟಿತು. ಚಪ್ಪಲಿ ನವೆಂಬರ್‌ಗೆ. ಐದು ಪುಸ್ತಕ ಕೊಂಡೆ, ಮೂರು ಒಬ್ಬರೇ ಕಲಾವಿದರ ಮುಖಪುಟದವು. ಹಪ್ಪಳಗಳಲ್ಲಿ ಒಂದು ಮಲಗಿದೆ, ಇನ್ನೊಂದು ಇನ್ನೂ ಹಟ ಮಾಡುತ್ತಿದೆ.

ಧಾರವಾಡದವರಿಗೆ ಒಂದು ಪ್ರಶ್ನೆ: ಕಪ್ಪಿನ ಮೇಲೆ ತೇರು ಚೆಂದವೋ, ತುಳಸಿಕಟ್ಟೆಯೋ?

ಧಾರವಾಡದಿಂದ

ತೇರು, ಬಿಳಿ ಮತ್ತು ಅರಿಸಿನ ಬಣ್ಣದಲ್ಲಿ. ಕಪ್ಪಿನ ಮೇಲೆ ಎಳೆ ಎಣಿಸಲು ಹಗಲ ಬೆಳಕೇ ಬೇಕು, ಮೋಡವಿದ್ದರೆ ಕೈ ಓಡುವುದಿಲ್ಲ. ದೀಪಾವಳಿಯ ಒಳಗೆ ಕೇಳಬೇಡ.