ತೆಳ್ಳಗಾಗಲು ಇಷ್ಟೊಂದು ಒದ್ದಾಟ ಯಾಕೆ? ಭಾನುವಾರ ಸಂಜೆಯ ಪ್ರಶ್ನೋತ್ತರ

ಅಡ್ಮಿನ್, ಮಾಟುಂಗ: ನಮ್ಮ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪಿನ ಎಲ್ಲರಿಗೂ ನಮಸ್ಕಾರ. ಇವತ್ತು 6ರಿಂದ 8ರವರೆಗೆ ಡಾಕ್ಟ್ರು ನಮ್ಮ ಜೊತೆ ಇರುತ್ತಾರೆ. ಹಾರ್ಮೋನು, ಸಕ್ಕರೆ ಕಾಯಿಲೆ, ತೂಕ ಇವರ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಮುಲುಂಡ್: ಡಾಕ್ಟ್ರೇ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೀರಿಗೆ ನೀರು ಕುಡಿದರೆ ಹೊಟ್ಟೆ ಕರಗುತ್ತದಾ?

ಡಾಕ್ಟರ್: ಇಲ್ಲ. ರುಚಿಗೆ ಕುಡಿಯುವುದಾದರೆ ಕುಡಿಯಿರಿ.

ಥಾಣೆ: ವಯಸ್ಸು 61, ಎತ್ತರ 168 ಸೆಂ.ಮೀ., ತೂಕ 74. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 26 ಬರುತ್ತದೆ. ಅಮೆರಿಕದ ಮಗಳು ಪರವಾಗಿಲ್ಲ ಅನ್ನುತ್ತಾಳೆ, ಇಲ್ಲಿಯ ಲ್ಯಾಬಿನವರು ಸ್ಥೂಲಕಾಯ ಅಂತ ಬರೆದಿದ್ದಾರೆ. ಯಾವುದು ಸರಿ?

ಡಾಕ್ಟರ್: ಲ್ಯಾಬಿನವರದ್ದು. ಅಲ್ಲಿ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಸ್ಥೂಲಕಾಯ. ನಮಗೆ ಆ ಗೆರೆಗಳು 23 ಮತ್ತು 25. ಕೈಕಾಲು ಕಡ್ಡಿಯಂತಿದ್ದರೂ ನಮ್ಮವರಿಗೆ ಹೊಟ್ಟೆಯೊಳಗೆ ಕೊಬ್ಬು ಬೇಗ ಕೂರುತ್ತದೆ, ಸಕ್ಕರೆ ಕಾಯಿಲೆಯೂ ಕಡಿಮೆ ತೂಕಕ್ಕೇ ಬರುತ್ತದೆ. ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80ರ ಒಳಗಿರಬೇಕು.

ಕಾಂದಿವಲಿ: ಮೇಡಂ, ಹೆರಿಗೆಯಾದ ಮೇಲೆ ಮೂರು ತಿಂಗಳು ಅನ್ನ ಮುಟ್ಟದೆ 8 ಕೆಜಿ ಇಳಿಸಿದೆ. ವರ್ಷದೊಳಗೆ 9 ಕೆಜಿ ವಾಪಸ್. ನಿನಗೆ ಹಟವೇ ಇಲ್ಲ ಅಂತ ಮನೆಯವರು ಹೇಳುತ್ತಾರೆ. ನಿಜವಾಗಿಯೂ ನನ್ನ ತಪ್ಪಾ?

ಡಾಕ್ಟರ್: ಅಲ್ಲಮ್ಮ. ಕೊಬ್ಬಿನ ಜೀವಕೋಶಗಳೇ ಲೆಪ್ಟಿನ್ ಅನ್ನುವ ಹಾರ್ಮೋನು ಬಿಡುತ್ತವೆ. 1994ರಲ್ಲಿ ಅದನ್ನು ಕಂಡುಹಿಡಿದರು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ. ಬರಗಾಲ ಬಂತು ಅಂತ ಮೆದುಳು ತಿಳಿಯುತ್ತದೆ, ಹಸಿವು ಏರಿಸುತ್ತದೆ, ಖರ್ಚಾಗುವ ಶಕ್ತಿಯನ್ನು ತಗ್ಗಿಸುತ್ತದೆ. ನೀವು ಮೂರು ತಿಂಗಳು ಹೋರಾಡಿದ್ದು ಅದರ ಜೊತೆ. ಅನ್ನ ಬಿಡಬೇಡಿ. ಅರ್ಧ ಮಾಡಿ, ಬೇಳೆ, ಮೊಟ್ಟೆ, ಮೀನು ಹೆಚ್ಚಿಸಿ. ನಿಧಾನ ಇಳಿಯಲಿ.

ಮೀರಾ ರೋಡ್: ಮೇಡಂ, ಜೀರಿಗೆ ನೀರಿಗೆ ಜೇನು, ನಿಂಬೆ ಹಾಕಿದರೆ?

ಡಾಕ್ಟರ್: ಮೇಲೆ ಓದಿ.

ಡೊಂಬಿವಲಿ ಅಮ್ಮ: ಡಾಕ್ಟ್ರೇ, ನನ್ನದು ಸಣ್ಣ ಪ್ರಶ್ನೆ. ಮಗಳಿಗೆ 17. ತುಂಬಾ ಕೂದಲು ಉದುರುತ್ತಿದೆ. ಯಾವ ಎಣ್ಣೆ ಹಚ್ಚಲಿ? ಹೋದ ವರ್ಷ ಗುಂಡಗಿದ್ದಳು, ತಾನಾಗಿಯೇ ಡಯಟ್ ಮಾಡಿ ಚೆನ್ನಾಗಿ ಸಪೂರ ಆಗಿದ್ದಾಳೆ. ಊರಿನ ಮದುವೆಯಲ್ಲಿ ಎಲ್ಲರೂ ಹೊಗಳಿದರು.

ಡಾಕ್ಟರ್: ಎಣ್ಣೆ ಆಮೇಲೆ. ಎತ್ತರ, ತೂಕ ಎಷ್ಟು? ಮೊದಲು ಎಷ್ಟಿತ್ತು? ಮುಟ್ಟು ಸರಿಯಾಗಿ ಆಗುತ್ತಿದೆಯಾ? ಚಳಿ ಅನ್ನುತ್ತಾಳಾ? ತಲೆಸುತ್ತು ಬರುತ್ತದಾ?

ವಾಶಿ: ಎಲ್ಲರಿಗೂ ಉಪಯೋಗವಾಗಲಿ. *ಸೋರೆಕಾಯಿ ಹಸಿ ರಸ, ಒಂದು ಲೋಟ, 21 ದಿನ, 10 ಕೆಜಿ ಗ್ಯಾರಂಟಿ. ಹತ್ತು ಗುಂಪಿಗೆ ಕಳುಹಿಸಿ.*

ಡಾಕ್ಟರ್: ದಯವಿಟ್ಟು ಅಳಿಸಿ. ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಇರುತ್ತದೆ. ಅದರ ರಸ ಕುಡಿದು ರಕ್ತ ಕಾರಿಕೊಂಡವರಿದ್ದಾರೆ, ಸತ್ತವರೂ ಇದ್ದಾರೆ. ಒಳ್ಳೆಯದು ಕಹಿಯೇ ಇರುತ್ತದೆ ಅಂತ ಕಣ್ಣುಮುಚ್ಚಿ ನುಂಗುತ್ತಾರೆ. ಬೇಯಿಸಿ ಪಲ್ಯ ಮಾಡುವಾಗಲೂ ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಕಹಿಯಿದ್ದರೆ ಎಸೆಯಿರಿ.

ವಾಶಿ: ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಕುಡಿಯುತ್ತಿದ್ದೇವೆ. ಯಾರಿಗೂ ಏನೂ ಆಗಿಲ್ಲ.

ಅಡ್ಮಿನ್, ಮಾಟುಂಗ: ನಾನೇ ಅಳಿಸಿದ್ದೇನೆ. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದೆ.

ಘಾಟ್‌ಕೋಪರ್: ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ಒಬ್ಬರು ಸಣ್ಣಗಾಗುವ ಪುಡಿ ಮಾರುತ್ತಾರೆ. ಬರೀ ಗಿಡಮೂಲಿಕೆಯಂತೆ. ಹಸಿವೇ ಆಗುವುದಿಲ್ಲ, ಆದರೆ ಎದೆ ಡವಡವ ಅನ್ನುತ್ತದೆ.

ಡಾಕ್ಟರ್: ಇವತ್ತೇ ನಿಲ್ಲಿಸಿ. ಹೃದಯಕ್ಕೆ ಅಪಾಯವೆಂದು ಸಿಬುಟ್ರಮೀನ್ ಔಷಧವನ್ನು 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಿದರು. ಗಿಡಮೂಲಿಕೆ ಅಂತ ಮಾರುವ ಇಂಥ ಪುಡಿಗಳಲ್ಲಿ ಅದನ್ನೇ ಕಲಸಿದ್ದು ಎಷ್ಟೋ ಸಲ ಸಿಕ್ಕಿದೆ. ನಾಳೆ ಬಿಪಿ, ಇಸಿಜಿ ಮಾಡಿಸಿ.

ಭಾಯಂದರ್: ಮಗನಿಗೆ ಹುಡುಗಿ ನೋಡುತ್ತಿದ್ದೇವೆ. ಈಗಿನ ಹುಡುಗಿಯರು ಮೈಬಗ್ಗಿಸುವುದಿಲ್ಲ, ಅದಕ್ಕೇ ಊದಿಕೊಳ್ಳುತ್ತಾರೆ. ನಮ್ಮ ಬಯೋಡೇಟಾದಲ್ಲಿ ಸ್ಲಿಮ್ ಹುಡುಗಿ ಬೇಕು ಅಂತ ನೇರವಾಗಿ ಹಾಕಿದ್ದೇವೆ.

ಕಾಂದಿವಲಿ: ನಿಮ್ಮ ಮಗನ ಸೊಂಟದ ಅಳತೆಯನ್ನೂ ಹಾಕಿದ್ದೀರಾ ಮಾಮ?

ಭಾಯಂದರ್: ಇದರಲ್ಲಿ ಕೋಪ ಯಾಕಮ್ಮ? ಹುಡುಗನಿಗೆ ಇಷ್ಟ ಅನಿಷ್ಟ ಇರಬಾರದಾ?

ಕಾಂದಿವಲಿ: ಇರಲಿ. ಬಾಣಂತನದ ಮನೆಗೆ ಬಂದ ಅತ್ತೆಯವರ ಅಕ್ಕ ಮಗುವನ್ನು ಎತ್ತಿಕೊಳ್ಳುವ ಮೊದಲೇ "ಏನೇ ಇಷ್ಟು ದಪ್ಪ ಆಗಿದ್ದೀಯಾ" ಅಂದರು. ನಾನು ಅನ್ನ ಬಿಟ್ಟದ್ದು ಅವತ್ತು. ನಾವು ಯಾಕೆ ಒದ್ದಾಡುತ್ತೇವೆ ಅನ್ನುವುದಕ್ಕೆ ಉತ್ತರ ನಿಮ್ಮ ಬಯೋಡೇಟಾದಲ್ಲಿದೆ.

ಚೆಂಬೂರ್: ಮೇಡಂ, ಬಿಲ್ಡಿಂಗ್ ಮೆಟ್ಟಿಲು ಹತ್ತುವುದು ಒಳ್ಳೆಯದಾ, ವಾಕಿಂಗ್ ಒಳ್ಳೆಯದಾ?

ಡೊಂಬಿವಲಿ ಅಮ್ಮ: ಎತ್ತರ 160. ಏಳು ತಿಂಗಳ ಹಿಂದೆ 54 ಕೆಜಿ, ಈಗ 39. ಮುಟ್ಟು ನಿಂತು ನಾಲ್ಕು ತಿಂಗಳು, ಪರೀಕ್ಷೆಯ ಟೆನ್ಷನ್ ಅಂದುಕೊಂಡೆವು. ಈ ಸೆಕೆಯಲ್ಲೂ ಸ್ವೆಟರ್ ಹಾಕುತ್ತಾಳೆ. ಏಳುವಾಗ ಕಣ್ಣು ಕತ್ತಲೆ ಬರುತ್ತದಂತೆ. ಕಾಲೇಜಿನ ಡಬ್ಬಿ ಖಾಲಿ ಬರುತ್ತದೆ, ಆದರೆ ಮೊನ್ನೆ ಅವಳ ಗೆಳತಿ ದಿನಾ ತಾನೇ ತಿನ್ನುವುದು ಅಂದಳು. ನಮಗೆಲ್ಲ ನೀರುದೋಸೆ, ಕೇಕ್ ಮಾಡಿ ಬಡಿಸುತ್ತಾಳೆ. ತನಗೆ ಮಾತ್ರ ಬೇಡ. ರಾತ್ರಿ ಅಡುಗೆ ವಿಡಿಯೋ ನೋಡುತ್ತಾ ಕೂರುತ್ತಾಳೆ.

ಡಾಕ್ಟರ್: ಅಮ್ಮ, ಇದನ್ನು ನಿಧಾನವಾಗಿ ಓದಿ. ನಿಮ್ಮ ಮಗಳ ಬಿಎಂಐ 15. ಮೈತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹೋಗಿದೆ. ಥೈರಾಯ್ಡ್, ಸಕ್ಕರೆ ನೋಡಲೇಬೇಕು, ಆದರೆ ನೀವು ಹೇಳಿದ್ದು ಬಹುಮಟ್ಟಿಗೆ ಅನೊರೆಕ್ಸಿಯಾ ನರ್ವೋಸಾ ಅನ್ನುವ ಕಾಯಿಲೆಯಂತೆ ಕಾಣುತ್ತದೆ. ಜೀವ ತೆಗೆಯಬಲ್ಲ ಕಾಯಿಲೆ. ಮುಟ್ಟು ನಿಂತದ್ದು, ಚಳಿ, ಕೂದಲು, ಮೂರೂ ಒಂದೇ ಬೇರಿನವು. ದೇಹ ಒಂದೊಂದೇ ದೀಪ ಆರಿಸಿ ಎದೆಬಡಿತವನ್ನು ಉಳಿಸಿಕೊಳ್ಳಲು ನೋಡುತ್ತಿದೆ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಮೂಳೆಯೂ ಸವೆಯುತ್ತದೆ.

ತಾನು ತಿನ್ನದೆ ಬೇರೆಯವರಿಗೆ ಬಡಿಸುವುದು ನಿಮಗೆ ವಿಚಿತ್ರ ಅನ್ನಿಸಿರಬೇಕು. ಅದು ಹಸಿವಿನದೇ ಲಕ್ಷಣ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆರೋಗ್ಯವಂತರಾದ 36 ಯುವಕರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಯುದ್ಧದಲ್ಲಿ ಬಳಲಿದವರಿಗೆ ಹೇಗೆ ಉಣಿಸಬೇಕು ಅಂತ ತಿಳಿಯುವುದಕ್ಕೆ. ತೂಕ ಸುಮಾರು ಕಾಲು ಭಾಗ ಇಳಿಯುವ ಹೊತ್ತಿಗೆ ಅವರಿಗೆ ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಕೂಡಿಹಾಕಿದರು, ತಟ್ಟೆ ನೆಕ್ಕಿದರು, ಬೇಸಿಗೆಯಲ್ಲಿ ಚಳಿ ಅಂದರು, ಮಂಕಾದರು. ಅವರಿಗೆ ಮೊದಲು ಮನಸ್ಸಿನ ಕಾಯಿಲೆ ಇರಲಿಲ್ಲ. ನಿಮ್ಮ ಮಗಳು ವಿಡಿಯೋ ನೋಡುತ್ತಿರುವುದೂ ಹಾಗೆಯೇ. ಅವಳಿಗೆ ಹಸಿವಿದೆ, ಅದಕ್ಕಿಂತ ಹೆಚ್ಚಾಗಿ ದಪ್ಪಗಾಗುವ ಭಯವಿದೆ. ಹೊಗಳಿಕೆಯಿಂದ ಶುರುವಾಗಿರಬಹುದು. ಈಗ ನಿಲ್ಲಿಸು ಅಂದರೆ ಅವಳ ಕೈಲಿ ಆಗುವುದಿಲ್ಲ.

ಬೈಯಬೇಡಿ. ಈಗಲೇ ಮಲಗಿಸಿ, ಐದು ನಿಮಿಷ ಬಿಟ್ಟು ಒಂದು ನಿಮಿಷ ಪೂರ್ತಿ ನಾಡಿ ಎಣಿಸಿ ಇಲ್ಲಿ ಹಾಕಿ.

ಕಲ್ಯಾಣ್: ನಮ್ಮ ಕಾಲಕ್ಕ ಇಂಥಾ ಜಡ್ಡು ಎಲ್ಲಿತ್ರೀ? ಹೊಟ್ಟಿ ಹಸದ್ರ ಉಣತಾರ. ನಾಕ್ ಏಟ್ ಬಿದ್ರ ರೊಟ್ಟಿ ತಾನ ಒಳಗ ಹೋಗ್ತದ.

ಡಾಕ್ಟರ್: ಸಾಕು. ಆ ಅಮ್ಮ ಈಗ ಮಗಳ ಕೈ ಹಿಡಿದು ಕೂತಿದ್ದಾರೆ, ಅವರ ಮುಂದೆ ಈ ಮಾತು ಬೇಡ. ಎಲ್ಲಿತ್ತು ಅಂತ ಕೇಳಿದಿರಿ. ಫಿಜಿ ದ್ವೀಪಗಳಲ್ಲಿ ಮೈ ತುಂಬಿದ ಹೆಣ್ಣೇ ಚೆಂದ ಅನ್ನುತ್ತಿದ್ದರು. 1995ರಲ್ಲಿ ಅಲ್ಲಿಯ ಒಂದು ಪ್ರದೇಶಕ್ಕೆ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದ ಶಾಲಾ ಹುಡುಗಿ ಆಗ ಒಬ್ಬಳೂ ಸಿಗಲಿಲ್ಲ. 1998ರಲ್ಲಿ ನೂರಕ್ಕೆ 11 ಹುಡುಗಿಯರು ಹೌದು ಅಂದರು. ನಮ್ಮ ಮಕ್ಕಳ ಕೈಯಲ್ಲಿ ಇಡೀ ದಿನ ಫೋನಿದೆ.

ಕಲ್ಯಾಣ್: ನಾ ಹಂಗಂತ ಅಂದಿದ್ದಲ್ರೀ.

ಕಾಂದಿವಲಿ: ಹಂಗೇ ಅಂದಿದ್ದು. ಮೇಲೇ ಇದೆ.

ಮುಲುಂಡ್: ಮಗನ ಮದುವೆಗೆ ಎರಡು ತಿಂಗಳಿದೆ, 5 ಕೆಜಿ ಇಳಿಯಬೇಕು. 2025ರಲ್ಲಿ ಬಂತಲ್ಲ ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್, ಅದು ನನಗೆ ಆಗುತ್ತದಾ? ನಾದಿನಿಯ ಹತ್ತಿರ ಅದರ ಒಂದು ಚುಚ್ಚುವ ಪೆನ್ ಉಳಿದಿದೆ.

ಡಾಕ್ಟರ್: ಮದುವೆ ಫೋಟೋಗೆ ಅಲ್ಲ ಅದು. ಇನ್ನೊಬ್ಬರ ಪೆನ್ನಿನಿಂದ ಚುಚ್ಚಿಕೊಳ್ಳಲೇಬೇಡಿ. ನಾಡಿ ಎಷ್ಟಮ್ಮ?

ಮೀರಾ ರೋಡ್: ಸರಿ, ಗ್ರೀನ್ ಟೀ ಆದರೂ?

ಅಡ್ಮಿನ್, ಮಾಟುಂಗ: ದಯವಿಟ್ಟು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿರಿ.

ಡೊಂಬಿವಲಿ ಅಮ್ಮ: ಎರಡು ಸಲ ಎಣಿಸಿದೆ. 44. ಅವರಪ್ಪನೂ ಎಣಿಸಿದರು, 43. ಎಣಿಸುವಾಗ ಮಗಳು ಅತ್ತಳು. ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗಲಾ?

ಡಾಕ್ಟರ್: ನಾಳೆ ಬೇಡ, ಈಗ ಹೊರಡಿ. ಎಚ್ಚರದಲ್ಲಿರುವಾಗ 50ಕ್ಕಿಂತ ಕಡಿಮೆ ಅಂದರೆ ಅಡ್ಮಿಟ್ ಮಾಡಬೇಕು. ಹತ್ತಿರದ, ಐಸಿಯು ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ, ಇಷ್ಟು ಕೇಳಿ. ಏಳು ತಿಂಗಳಿಂದ ಸರಿಯಾಗಿ ತಿಂದಿಲ್ಲ ಅಂತ ಮೊದಲೇ ಹೇಳಿ. ಸುಸ್ತು ಅಂತ ತಿಳಿದು ಸುಮ್ಮನೆ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಬತ್ತಿದ ದೇಹಕ್ಕೆ ಒಮ್ಮೆಲೇ ಸಕ್ಕರೆ ಹೋದರೆ ಫಾಸ್ಫೇಟ್ ಕುಸಿದು ಹೃದಯದ ಬಡಿತ ತಪ್ಪಬಹುದು. ಮನೆಯಲ್ಲೂ ಹೊರಡುವ ಮುಂಚೆ ತುಪ್ಪ ಅನ್ನ ತುರುಕಬೇಡಿ. ಮೆಟ್ಟಿಲು ಇಳಿಸುವಾಗ ಹಿಡಿದುಕೊಳ್ಳಿ. ದೇಹ ಸ್ಥಿರವಾದ ಮೇಲೆ ಮನೋವೈದ್ಯರು ಬೇಕೇಬೇಕು. ಮುಂಬೈಯ ಕೆಇಎಂ, ಸಯನ್ ಆಸ್ಪತ್ರೆ ಎರಡರಲ್ಲೂ ಆ ವಿಭಾಗ ಇದೆ. ನಿಮಗೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಡೊಂಬಿವಲಿ ಅಮ್ಮ: ಎಲ್ಲರೂ ಹೊಗಳಿದಾಗ ನಾನೂ ಖುಷಿಪಟ್ಟೆ ಡಾಕ್ಟ್ರೇ.

ಡಾಕ್ಟರ್: ಗೊತ್ತು. ಆ ಮಾತು ಆಮೇಲೆ ಆಡೋಣ. ಡ್ಯೂಟಿ ಡಾಕ್ಟರ ಕೈಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ. ನನ್ನ ನಂಬರು ಅಡ್ಮಿನ್ ಕಳಿಸುತ್ತಾರೆ.

ಥಾಣೆ: ಅಮ್ಮ, ನಾನು ಗಾಡಿ ತೆಗೆದುಕೊಂಡು ಬರಲಾ? ಈ ಹೊತ್ತಿಗೆ ಒಂದು ಗಂಟೆ ಆಗಬಹುದು.

ಕಲ್ಯಾಣ್: ಅಣ್ಣಾರ, ನಾ ಹತ್ರ ಅದೀನಿ. ಹದಿನೈದು ನಿಮಿಷದಾಗ ಮುಟ್ಟತೀನಿ. ತಂಗೀ, ಬಿಲ್ಡಿಂಗ್ ಹೆಸರು ಕಳಸು.

ಡೊಂಬಿವಲಿ ಅಮ್ಮ: ಕಳಿಸಿದೆ. ಅವಳಿಗೆ ಚಪ್ಪಲಿ ಹಾಕಿಸುತ್ತಿದ್ದೇನೆ.