ಸಹಾಯ ಬೇಕು: ಅಡಿಕೆ ತೋಟ, ಸೊಪ್ಪಿನ ಬೆಟ್ಟದ ಏರಿಗೆ ಯಾವ ಮಿನಿ ಟ್ರ್ಯಾಕ್ಟರ್?

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಎರಡೂವರೆ ಎಕರೆ ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ, ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಮೇಲೆ. ಸೊಪ್ಪು, ದರಕು (ಉದುರಿದ ಒಣ ಎಲೆ), ಕಟ್ಟಿಗೆ ಕೆಳಗಿಳಿಸಬೇಕು. ಕೊಯ್ಲಿನಲ್ಲಿ ಅಡಿಕೆ ಕೊನೆಗಳನ್ನು ಅಂಗಳಕ್ಕೆ ಹತ್ತಿಸಬೇಕು. ಹೊರುವವರು ಸಿಗುತ್ತಿಲ್ಲ, ಅಪ್ಪನಿಗೆ ಎಪ್ಪತ್ತು ದಾಟಿತು.

ಉಳುವ ಕೆಲಸ ಏನೂ ಇಲ್ಲ, ಟ್ರೈಲರ್ ಎಳೆಯುವುದೇ ಮುಖ್ಯ. ನೋಡಿಟ್ಟಿರುವುದು ಎರಡು: ಮಹೀಂದ್ರಾ ಜೀವೋ 245 ಡಿಐ ಮತ್ತು ಕುಬೋಟಾ ನಿಯೋಸ್ಟಾರ್ ಬಿ2441. ಎರಡೂ 24 ಎಚ್‌ಪಿ, ಎರಡೂ ಫೋರ್ ವೀಲ್ ಡ್ರೈವ್. ಜೀವೋಗೆ ಎರಡು ಸಿಲಿಂಡರ್, ಕುಬೋಟಾಗೆ ಮೂರು.

ನನ್ನ ಭಯ ಇಳಿಜಾರಿನದು. ಹೋದ ವರ್ಷ ಬಾಡಿಗೆಗೆ ತಂದಿದ್ದ ಟೂ ವೀಲ್ ಡ್ರೈವ್ ಟ್ರ್ಯಾಕ್ಟರ್, ತುಂಬಿದ ಟ್ರೈಲರ್ ಸಮೇತ ಒದ್ದೆ ದರಕಿನ ಮೇಲೆ ಹಿಂದಕ್ಕೆ ಜಾರಿತು. ಹಲಸಿನ ಮರ ಅಡ್ಡ ಇದ್ದುದರಿಂದ ಡ್ರೈವರ್ ಉಳಿದ. ಆ ದೃಶ್ಯ ಇನ್ನೂ ಕಣ್ಣಿಂದ ಹೋಗಿಲ್ಲ. ಹಾಗಾಗಿ ಮೈಲೇಜಿಗಿಂತ ನನಗೆ ತೂಕ, ಬ್ರೇಕು, ಚಕ್ರಗಳ ನಡುವಿನ ಅಗಲವೇ ಮುಖ್ಯ. ಆದರೆ ಅಗಲ ಹೆಚ್ಚಿದರೆ ಒಂಬತ್ತು ಅಡಿ ಸಾಲಿನಲ್ಲಿ, ಅದೂ ನಡುವೆ ಬಸಿಗಾಲುವೆ ಇರುವಾಗ, ತಿರುಗಿಸುವುದು ಹೇಗೆ?

ಇಂಥ ಜಾಗದಲ್ಲಿ ಎರಡು ಮಳೆಗಾಲ ಓಡಿಸಿದವರು ದಯವಿಟ್ಟು ಹೇಳಿ: ತೂಕ ಹೆಚ್ಚಲೆಂದು ಹಿಂದಿನ ಟೈರಿಗೆ ನೀರು ತುಂಬಿಸಿದ್ದೀರಾ? ಟ್ರೈಲರಿಗೆ ಬೇರೆ ಬ್ರೇಕ್ ಹಾಕಿಸಿದ್ದೀರಾ? ರೋಲ್ ಬಾರ್ (ಗಾಡಿ ಮಗುಚಿದರೆ ಡ್ರೈವರನ್ನು ಕಾಯುವ ಚೌಕಟ್ಟು) ಕೂರಿಸಿದರೆ ಬೆಟ್ಟದ ಕೊಂಬೆಗಳಿಗೆ ಸಿಕ್ಕುತ್ತದೆಯೇ? ಹತ್ತಿರದವರಾದರೆ ಗಾಡಿ ನೋಡಲು ನಾನೇ ಬರುತ್ತೇನೆ. ದೀಪಾವಳಿಯೊಳಗೆ ತೀರ್ಮಾನಿಸಬೇಕು, ಆಮೇಲೆ ಕೊಯ್ಲು ಶುರು.